ಸ್ವಚ್ಛ ಧ್ವನಿಯ ಸಾಧಕ ಎಡ್ವಿನ್ ಆರ್ಮ್‌ಸ್ಟ್ರಾಂಗ್

ಆರ್ಮ್‌ಸ್ಟ್ರಾಂಗ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗನ ನೆನಪಾಗುವುದು ಸಹಜ. ಅದೇ ಹೆಸರಿನ ಇನ್ನೊಬ್ಬನಿದ್ದನು. ಅವನು ಚಂದ್ರನಲ್ಲಿಗೆ ಹೋದವನಲ್ಲ. ಆದರೆ ನಾವು ರೇಡಿಯೋ ಹಾಕಿ ಹಾಡು ಕೇಳುವಾಗಲೆಲ್ಲ, ಅರಿಯದೆಯೇ ಅವನಿಗೆ ಋಣಿಗಳಾಗುತ್ತೇವೆ. ಅವನೇ ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್.

ನಮ್ಮ ಕಾಸರಗೋಡಿನ ಹಳೆಯ ಮನೆಗಳ ಚಾವಡಿಯಲ್ಲಿ ಮರದ ಪೆಟ್ಟಿಗೆಯ ದೊಡ್ಡ ರೇಡಿಯೋ ಇರುತ್ತಿದ್ದುದನ್ನು ಹಿರಿಯರು ಬಲ್ಲರು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾಯ್ದ ಮೇಲಷ್ಟೇ ಧ್ವನಿ ಹೊರಡುತ್ತಿತ್ತು. 1956ರಲ್ಲಿ ನೆಲದ ಮೇಲೆ ರಾಜ್ಯದ ಗಡಿ ಬಿದ್ದರೂ ಗಾಳಿಯಲ್ಲಿ ಬೇಲಿ ಹಾಕಲು ಯಾರಿಂದಲೂ ಆಗಲಿಲ್ಲವಾದುದರಿಂದ, ಕನ್ನಡದ ವಾರ್ತೆಯೂ ಸಂಗೀತವೂ ನಮ್ಮ ಅಂಗಳಕ್ಕೆ ಬರುತ್ತಲೇ ಇದ್ದವು. ಆದರೆ ಮಳೆಗಾಲದ ಗುಡುಗು ಸಿಡಿಲು ಆರಂಭವಾದರೆ ಕರಕರ ಸದ್ದಿನ ನಡುವೆ ಹಾಡು ಯಾವುದು, ಮಾತು ಯಾವುದು ಎಂದು ತಿಳಿಯುತ್ತಿರಲಿಲ್ಲ. ಆ ಪೆಟ್ಟಿಗೆಗೆ ದೂರದ ಧ್ವನಿಯನ್ನು ಹಿಡಿಯುವ ಶಕ್ತಿ ಕೊಟ್ಟವನೂ, ಆ ಕರಕರ ಸದ್ದನ್ನು ಅಡಗಿಸುವ ದಾರಿ ಕಂಡವನೂ ಈ ಒಬ್ಬನೇ.

ಎಡ್ವಿನ್ ಹುಟ್ಟಿದುದು 1890ರ ದಶಂಬರ 18ರಂದು, ಅಮೇರಿಕದ ನ್ಯೂಯಾರ್ಕ್ ನಗರದಲ್ಲಿ. ತಂದೆ ಜಾನ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯದ ಅಮೇರಿಕದ ಶಾಖೆಯಲ್ಲಿ ಉದ್ಯೋಗಿ. ತಾಯಿ ಎಮಿಲಿ ಮದುವೆಗೆ ಮುಂಚೆ ಶಾಲೆಯ ಅಧ್ಯಾಪಿಕೆಯಾಗಿದ್ದವಳು. ಹುಡುಗನಿಗೆ ಎಂಟು ಒಂಬತ್ತರ ಪ್ರಾಯದಲ್ಲಿ ಜ್ವರ ಬಂದು, ಅದರ ಹಿಂದೆಯೇ ನರಗಳ ಬೇನೆ ತಗಲಿತು. ಎರಡು ವರ್ಷ ಶಾಲೆ ತಪ್ಪಿತು. ಮನೆಯಲ್ಲಿಯೇ ಪಾಠವಾಯಿತು. ಬೇನೆ ವಾಸಿಯಾದರೂ ಭುಜ ಮತ್ತು ಕುತ್ತಿಗೆ ತಟ್ಟನೆ ಅದುರುವ ಒಂದು ತೊಂದರೆ ಜೀವಮಾನವಿಡೀ ಉಳಿಯಿತು. ಇತರ ಮಕ್ಕಳೊಡನೆ ಬೆರೆಯಲು ನಾಚುತ್ತಿದ್ದ ಬಾಲಕನು ಒಂಟಿಯಾಗಿ ಯಂತ್ರಗಳೊಡನೆ ಆಡತೊಡಗಿದನು.

ಕುಟುಂಬವು ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಎಂಬ ಊರಿಗೆ ಬಂದು ನೆಲೆಸಿತು. ನದಿಯ ಕಡೆಗೆ ಮುಖಮಾಡಿದ ಆ ಮನೆಯ ಅಟ್ಟದ ಕೋಣೆಯೇ ಎಡ್ವಿನನ ಪ್ರಯೋಗಶಾಲೆ. ಹದಿನಾಲ್ಕರ ಪ್ರಾಯದಲ್ಲಿ ಸಂಶೋಧಕರ ಕಥೆಗಳನ್ನೋದಿ, ಮಾರ್ಕೋನಿಯಂತೆ ತಾನೂ ಆಗಬೇಕೆಂದು ನಿಶ್ಚಯಿಸಿದನು. ಮನೆಯ ಹಿತ್ತಿಲಲ್ಲಿ 125 ಅಡಿ ಎತ್ತರದ ಕಂಬವನ್ನು ತಾನೇ ನಿಲ್ಲಿಸಿದನು. ಹಗ್ಗದ ಕುರ್ಚಿಯಲ್ಲಿ ಕುಳಿತು ಅದರ ತುದಿಗೇರುವುದೆಂದರೆ ಅವನಿಗೆ ಪರಮಾನಂದ. ನೋಡುವ ನೆರೆಹೊರೆಯವರ ಎದೆ ಮಾತ್ರ ಡವಗುಟ್ಟುತ್ತಿತ್ತು.

1909ರಲ್ಲಿ ಅವನು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಸೇರಿದನು. ಪ್ರೌಢಶಾಲೆಯಲ್ಲಿ ಉತ್ತೀರ್ಣನಾದುದಕ್ಕೆ ತಂದೆ ಕೊಡಿಸಿದ ಕೆಂಪು ಮೋಟಾರು ಸೈಕಲಿನ ಮೇಲೆ ದಿನಾಲೂ ಹೋಗಿಬರುತ್ತಿದ್ದನು. ಅಲ್ಲಿ ಗುರುವಾಗಿ ದೊರೆತವನು ಮೈಕೆಲ್ ಪ್ಯುಪಿನ್. ಸರ್ಬಿಯನ್ ರೈತ ಕುಟುಂಬದಿಂದ ಬಂದು, ಬರಿಗೈಯಲ್ಲಿ ಅಮೇರಿಕಕ್ಕಿಳಿದು, ಪ್ರಾಧ್ಯಾಪಕನಾಗಿ ಬೆಳೆದ ಮಹನೀಯನು ಆತ. ಪುಸ್ತಕದಲ್ಲಿದೆಯೆಂಬ ಕಾರಣಕ್ಕೆ ಏನನ್ನೂ ಒಪ್ಪದ, ಎದ್ದು ನಿಂತು ಪ್ರಶ್ನೆ ಕೇಳುವ ಈ ವಿದ್ಯಾರ್ಥಿಯನ್ನು ಕೆಲವು ಅಧ್ಯಾಪಕರು ಸಹಿಸಲಿಲ್ಲ. ಪ್ಯುಪಿನನು ಮೆಚ್ಚಿದನು.

ಇಲ್ಲಿ ಗಾಜಿನ ಬುರುಡೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಇದನ್ನು ನಿರ್ವಾತ ನಳಿಕೆ ಎನ್ನುತ್ತಾರೆ. ರಿಪೇರಿಯವರ ಬಾಯಲ್ಲಿ ಇದು ವಾಲ್ವು. 1904ರಲ್ಲಿ ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗನು ಎರಡು ತುದಿಗಳುಳ್ಳ ನಳಿಕೆಯನ್ನು ಮಾಡಿದನು. ಒಳಗಿನ ಗಾಳಿಯನ್ನು ತೆಗೆದ ಆ ಬುರುಡೆಯಲ್ಲಿ ಕಾಯ್ದ ತಂತಿಯಿಂದ ಹೊರಟ ಇಲೆಕ್ಟ್ರಾನುಗಳು ಎದುರಿನ ತಗಡಿಗೆ ಹರಿಯುತ್ತವೆ. 1906ರಲ್ಲಿ ಅಮೇರಿಕದ ಲೀ ಡಿ ಫಾರೆಸ್ಟನು ಇವೆರಡರ ನಡುವೆ ಮೂರನೆಯದಾಗಿ ಒಂದು ತಂತಿಯ ಜಾಲರಿಯನ್ನು ಸೇರಿಸಿದನು. ನಮ್ಮ ಅಡಿಕೆ ತೋಟದ ಕಣಿಯಲ್ಲಿ ನೀರಿಗೆ ಅಡ್ಡವಾಗಿ ಒಂದು ಹಲಗೆ ಇಡುತ್ತೇವಷ್ಟೆ. ಹಲಗೆಯನ್ನು ಬೆರಳಷ್ಟು ಎತ್ತಿದರೆ ನೀರು ಧುಮುಕುತ್ತದೆ, ಇಳಿಸಿದರೆ ನಿಲ್ಲುತ್ತದೆ. ಸಣ್ಣ ಕೈಬಲದಿಂದ ದೊಡ್ಡ ಪ್ರವಾಹವನ್ನು ಆಳಿದಂತಾಯಿತು. ಜಾಲರಿಯ ಕೆಲಸವೂ ಅದೇ. ಅದರ ಮೇಲೆ ಬಿದ್ದ ಕ್ಷೀಣ ವಿದ್ಯುತ್ ಸಂಕೇತವು ತಗಡಿಗೆ ಹರಿಯುವ ದೊಡ್ಡ ಪ್ರವಾಹವನ್ನು ಏರಿಸುತ್ತದೆ, ಇಳಿಸುತ್ತದೆ. ಆದರೆ ನಳಿಕೆಯನ್ನು ಮಾಡಿದ ಡಿ ಫಾರೆಸ್ಟನಿಗೇ ಅದು ಹೇಗೆ ಕೆಲಸ ಮಾಡುತ್ತದೆಂಬುದು ಸರಿಯಾಗಿ ತಿಳಿದಿರಲಿಲ್ಲ. ಅದನ್ನು ಅಳೆದು, ಗೆರೆ ಹಾಕಿ ಅರ್ಥಮಾಡಿಕೊಂಡವನು ವಿದ್ಯಾರ್ಥಿಯಾಗಿದ್ದ ಆರ್ಮ್‌ಸ್ಟ್ರಾಂಗನು.

1912ರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ನಳಿಕೆಯಿಂದ ಹೊರಬಂದ ದೊಡ್ಡದಾದ ಸಂಕೇತದ ಒಂದಂಶವನ್ನು ಮತ್ತೆ ಜಾಲರಿಗೇ ಉಣಿಸಿದರೆ? ಅದು ಮತ್ತೆ ದೊಡ್ಡದಾಗಿ ಬರುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗೆ ಸುತ್ತುತ್ತದೆ. ಕಿವಿಗೆ ತಾಗದಿದ್ದ ಸಂಕೇತಗಳು ಕೋಣೆಯಿಡೀ ಕೇಳಿಸಿದವು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ತಂದಾಗ ಕೂಯ್ ಎಂದು ಕಿರುಚುವುದನ್ನು ನಾವೆಲ್ಲ ಕೇಳಿದ್ದೇವೆ. ಅದೂ ಹೊರಬಂದ ಧ್ವನಿ ಮರಳಿ ಒಳಹೊಕ್ಕುದರ ಫಲವೇ. ಉಣಿಸುವುದನ್ನು ಒಂದು ಮಿತಿ ದಾಟಿಸಿದರೆ ನಳಿಕೆಯು ತಾನೇ ಅಲೆಗಳನ್ನು ಹೊಮ್ಮಿಸತೊಡಗುತ್ತದೆ ಎಂಬುದನ್ನೂ ಅವನು ಕಂಡನು. ಒಂದೇ ಉಪಾಯದಿಂದ ಗ್ರಾಹಕವೂ ಆಯಿತು, ಪ್ರೇಷಕವೂ ಆಯಿತು.

ಪೇಟೆಂಟಿಗೆ ಹಣ ಬೇಕಿತ್ತು. ಮೊದಲು ಪದವಿ ಮುಗಿಯಲಿ ಎಂದು ತಂದೆ ಹಣ ಕೊಡಲೊಪ್ಪಲಿಲ್ಲ. ಆಗ ಎಡ್ವಿನನು ತನ್ನ ನಕ್ಷೆಯನ್ನು ಬರೆದು, 1913ರ ಜನವರಿ 31ರಂದು ನೋಟರಿಯ ಮುದ್ರೆ ಹಾಕಿಸಿಟ್ಟನು. ಅರ್ಜಿ ಹೋದುದು ಆ ವರ್ಷದ ಅಕ್ಟೋಬರದಲ್ಲಿ. ಈ ತಡವು ಮುಂದೆ ಅವನಿಗೆ ಬಹಳ ದುಬಾರಿಯಾಯಿತು.

1914ರ ಜನವರಿ ತಿಂಗಳ ಕೊನೆಯ ಒಂದು ಚಳಿಯ ರಾತ್ರಿ, ನ್ಯೂಜೆರ್ಸಿಯ ಬೆಲ್ಮಾರ್ ಎಂಬಲ್ಲಿನ ಮಾರ್ಕೋನಿ ಕಂಪೆನಿಯ ಕೇಂದ್ರದಲ್ಲಿ ಅವನು ತನ್ನ ಪೆಟ್ಟಿಗೆಯನ್ನು ಪರೀಕ್ಷೆಗೊಡ್ಡಿದನು. ಕಂಪೆನಿಯ ಕಡೆಯಿಂದ ಪಕ್ಕದಲ್ಲಿ ಕುಳಿತವನು ಡೇವಿಡ್ ಸಾರ್ನಾಫ್. ಬಡ ವಲಸೆಗಾರರ ಮಗನಾಗಿ ಬಾಲ್ಯದಲ್ಲಿ ರಷ್ಯದಿಂದ ಬಂದ ತರುಣನು ಆತ. ಐರ್ಲೆಂಡಿನ ಸಂಕೇತಗಳನ್ನೂ, ಅತ್ತ ಹವಾಯಿ ದ್ವೀಪದ ಸಂಕೇತಗಳನ್ನೂ ಇಬ್ಬರೂ ಕೂಡಿ ಕೇಳಿದರು. ಬೆಳಗಾಗುವಷ್ಟರಲ್ಲಿ ಸ್ನೇಹ ಬೆಳೆಯಿತು. ಈ ಸ್ನೇಹದ ಕಥೆಯೂ ಮುಂದಿದೆ.

1917ರಲ್ಲಿ ಅಮೇರಿಕವು ಮೊದಲನೆಯ ಮಹಾಯುದ್ಧಕ್ಕಿಳಿಯಿತು. ಆರ್ಮ್‌ಸ್ಟ್ರಾಂಗನು ಸೈನ್ಯದ ಸಂಪರ್ಕದಳಕ್ಕೆ ಸೇರಿ ಪ್ಯಾರಿಸಿಗೆ ಹೋದನು; ಮೇಜರ್ ಪದವಿಗೇರಿದನು. ಅತಿ ವೇಗದ ಅಲೆಗಳನ್ನು ಆ ಕಾಲದ ನಳಿಕೆಗಳಿಂದ ವರ್ಧಿಸುವುದು ಕಷ್ಟವಾಗಿತ್ತು. 1918ರಲ್ಲಿ ಅವನು ಅದಕ್ಕೆ ಬೇರೆ ದಾರಿ ಹುಡುಕಿದನು. ತಂಬೂರಿಯ ಎರಡು ತಂತಿಗಳ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೆ, ಎರಡೂ ಕೂಡಿ ನುಡಿದಾಗ ನಿಧಾನವಾದ ಮೂರನೆಯ ಏರಿಳಿತ ಕೇಳಿಸುತ್ತದೆ. ಅಂತೆಯೇ ಬಂದ ಅಲೆಯೊಡನೆ ಗ್ರಾಹಕದಲ್ಲಿಯೇ ಹುಟ್ಟಿಸಿದ ಇನ್ನೊಂದು ಅಲೆಯನ್ನು ಬೆರೆಸಿದರೆ, ಅವುಗಳ ವ್ಯತ್ಯಾಸದಷ್ಟೇ ಕಂಪನದ ನಿಧಾನ ಅಲೆಯೊಂದು ದೊರೆಯುತ್ತದೆ. ಅದನ್ನು ಸುಲಭವಾಗಿ ವರ್ಧಿಸಬಹುದು. ಇದಕ್ಕೆ ಸೂಪರ್ ಹೆಟರೊಡೈನ್ ಎಂದು ಹೆಸರು. ಚಾವಡಿಯ ಮರದ ರೇಡಿಯೋದಿಂದ ಹಿಡಿದು ಅಂಗಿಯ ಜೇಬಿನ ಟ್ರಾನ್ಸಿಸ್ಟರಿನವರೆಗೆ ಬಹುಪಾಲು ಎಲ್ಲವೂ ಈ ತತ್ವದಿಂದಲೇ ನಡೆದವು.

ಯುದ್ಧ ಮುಗಿದ ಮೇಲೆ ಕೀರ್ತಿಯೂ ಸಂಪತ್ತೂ ಹೊಳೆಯಾಗಿ ಹರಿದುಬಂದವು. ಅಮೇರಿಕದ ರೇಡಿಯೋ ಇಂಜಿನಿಯರರ ಸಂಸ್ಥೆಯು ತನ್ನ ಮೊತ್ತಮೊದಲ ಗೌರವ ಪದಕವನ್ನು ಯುದ್ಧ ಮುಗಿಯುವ ಮೊದಲೇ ಅವನಿಗಿತ್ತಿತ್ತು. ಫ್ರಾನ್ಸ್ ಸರಕಾರವೂ ಸನ್ಮಾನಿಸಿತು. ಪೇಟೆಂಟುಗಳನ್ನು ಕಂಪೆನಿಗಳು ದೊಡ್ಡ ಮೊತ್ತಕ್ಕೆ ಕೊಂಡವು. ಆರ್.ಸಿ.ಎ. ಎಂಬ ಬೃಹತ್ ರೇಡಿಯೋ ಕಂಪೆನಿಯ ಶೇರುಗಳು ಅವನ ಕೈಗೆ ಬಂದವು. ಅದೇ ಕಂಪೆನಿಯಲ್ಲಿ ಮೇಲಧಿಕಾರಿಯಾಗಿದ್ದವನು ಹಳೆಯ ಸ್ನೇಹಿತ ಸಾರ್ನಾಫ್. ಸಾರ್ನಾಫನ ಕಾರ್ಯದರ್ಶಿ ಮೇರಿಯನ್ ಮ್ಯಾಕಿನ್ನಿಸಳನ್ನು ಆರ್ಮ್‌ಸ್ಟ್ರಾಂಗನು ಪ್ರೀತಿಸಿ, 1923ರ ದಶಂಬರದಲ್ಲಿ ಮದುವೆಯಾದನು. ಮದುಮಗಳಿಗೆ ಕೊಟ್ಟ ಉಡುಗೊರೆ ಚಿನ್ನವಲ್ಲ. ಕೈಯಲ್ಲಿ ಹೊತ್ತೊಯ್ಯಬಹುದಾದ ಒಂದು ರೇಡಿಯೋ!

ಆದರೆ ಇಷ್ಟರಲ್ಲೇ ಮೋಡ ಕವಿಯತೊಡಗಿತ್ತು. 1912ರ ಉಪಾಯವು ಮೊದಲು ತನ್ನದೆಂದು ಡಿ ಫಾರೆಸ್ಟನು ವ್ಯಾಜ್ಯ ಹೂಡಿದನು. 1912ರ ಆಗಸ್ಟಿನಲ್ಲಿ ತನ್ನ ಪ್ರಯೋಗಾಲಯದ ಟಿಪ್ಪಣಿ ಪುಸ್ತಕದಲ್ಲಿ ನಳಿಕೆಯು ಊಳಿಟ್ಟುದು ದಾಖಲಾಗಿತ್ತೆಂಬುದು ಅವನ ಆಧಾರ. ಊಳಿಟ್ಟುದು ನಿಜ. ಆದರೆ ಅದರ ಅರ್ಥವೇನು, ಪ್ರಯೋಜನವೇನು ಎಂಬುದು ಅವರಿಗೆ ಆಗ ಹೊಳೆದಿರಲಿಲ್ಲವೆಂಬುದು ಆರ್ಮ್‌ಸ್ಟ್ರಾಂಗನ ವಾದ. ಮೊದಲು ತೀರ್ಪು ಆರ್ಮ್‌ಸ್ಟ್ರಾಂಗನ ಕಡೆಗಾಯಿತು. ಅನಂತರ ಬೇರೆ ನ್ಯಾಯಾಲಯದಲ್ಲಿ ತಿರುಗಿತು. 1928ರಲ್ಲಿಯೂ 1934ರಲ್ಲಿಯೂ ಅಮೇರಿಕದ ಸುಪ್ರೀಂ ಕೋರ್ಟು ಡಿ ಫಾರೆಸ್ಟನ ಹಕ್ಕನ್ನೇ ಎತ್ತಿಹಿಡಿಯಿತು.

ಆಗ ಆರ್ಮ್‌ಸ್ಟ್ರಾಂಗನು ಮಾಡಿದ ಒಂದು ಕೆಲಸವನ್ನು ನಾವು ಮರೆಯುವಂತಿಲ್ಲ. 1934ರಲ್ಲಿ ಇಂಜಿನಿಯರರ ಸಂಸ್ಥೆಯ ಸಮ್ಮೇಳನಕ್ಕೆ ಹೋಗಿ, ಈ ಸಂಶೋಧನೆಗಾಗಿ ಕೊಟ್ಟ ಪದಕವನ್ನು ಹಿಂದಿರುಗಿಸಲು ಮುಂದಾದನು. ನ್ಯಾಯಾಲಯವು ತನ್ನದಲ್ಲವೆಂದ ಮೇಲೆ ಪದಕವನ್ನು ಇಟ್ಟುಕೊಳ್ಳುವುದು ಅವನ ಆತ್ಮಗೌರವಕ್ಕೆ ಒಪ್ಪಲಿಲ್ಲ. ಸಂಸ್ಥೆಯು ಪದಕವನ್ನು ಹಿಂದಕ್ಕೆ ಪಡೆಯಲಿಲ್ಲ. ಸಭೆಯಲ್ಲಿದ್ದ ಇಂಜಿನಿಯರರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾನೂನಿನ ತೀರ್ಪು ಒಂದಾಯಿತು, ಬಲ್ಲವರ ತೀರ್ಪು ಇನ್ನೊಂದಾಯಿತು.

ವ್ಯಾಜ್ಯದ ನಡುವೆಯೂ ಅವನು ಕೈಕಟ್ಟಿ ಕುಳಿತಿರಲಿಲ್ಲ. ಸಿಡಿಲಿನ ಕರಕರ ಸದ್ದನ್ನು ಹೋಗಲಾಡಿಸುವ ಯತ್ನ ವರ್ಷಗಟ್ಟಲೆ ನಡೆದಿತ್ತು. ಆಗಿನ ರೇಡಿಯೋದಲ್ಲಿ ಧ್ವನಿಗೆ ತಕ್ಕಂತೆ ಅಲೆಯ ಎತ್ತರವನ್ನು ಹೆಚ್ಚು ಕಡಿಮೆ ಮಾಡುತ್ತಿದ್ದರು. ಸಿಡಿಲೂ ಅಲೆಯ ಎತ್ತರವನ್ನೇ ಕದಡುತ್ತದೆ. ಆದುದರಿಂದ ಹಾಡಿಗೂ ಸಿಡಿಲಿಗೂ ಗ್ರಾಹಕವು ಭೇದವೆಣಿಸಲಾರದು. ಅಲೆಯ ಎತ್ತರವನ್ನು ಹಾಗೆಯೇ ಇರಿಸಿ, ಅದರ ಕಂಪನ ವೇಗವನ್ನು ಮಾತ್ರ ಧ್ವನಿಗೆ ತಕ್ಕಂತೆ ಬದಲಿಸಿದರೆ? ಆಗ ಗ್ರಾಹಕವು ಎತ್ತರದ ಏರಿಳಿತವನ್ನೆಲ್ಲ ಕತ್ತರಿಸಿ ಎಸೆಯಬಹುದು. ಅದರೊಡನೆ ಸಿಡಿಲಿನ ಸದ್ದಿನ ಬಹುಭಾಗವೂ ಹೋಗುತ್ತದೆ. ಇದೇ ಎಫ್.ಎಂ. ಇದರಿಂದ ಪ್ರಯೋಜನವಿಲ್ಲವೆಂದು ಜಾನ್ ಕಾರ್ಸನ್ ಎಂಬ ಗಣಿತಜ್ಞನು 1922ರಲ್ಲಿ ಲೆಕ್ಕ ಹಾಕಿ ತೋರಿಸಿದ್ದನು. ಅವನ ಲೆಕ್ಕ ತಪ್ಪಾಗಿರಲಿಲ್ಲ. ಆದರೆ ಅದು ಇಕ್ಕಟ್ಟಾದ ಪಟ್ಟಿಯಲ್ಲಿ ಪ್ರಸಾರ ಮಾಡುವ ಲೆಕ್ಕ. ಆರ್ಮ್‌ಸ್ಟ್ರಾಂಗನು ದಾರಿಯನ್ನೇ ಅಗಲ ಮಾಡಿದನು. ಹಳೆಯ ಕೇಂದ್ರವೊಂದಕ್ಕೆ ಹತ್ತು ಕಿಲೋಸೈಕಲ್ ಸಾಕಾಗಿದ್ದಲ್ಲಿ ಎಫ್.ಎಂ. ಕೇಂದ್ರಕ್ಕೆ ಇನ್ನೂರು ಬೇಕಾಯಿತು. ಸದ್ದು ಅಡಗಿತು. 1933ರ ದಶಂಬರ 26ರಂದು ಪೇಟೆಂಟುಗಳು ದೊರೆತವು.

1935ರ ನವಂಬರ 5ರಂದು ನ್ಯೂಯಾರ್ಕಿನ ಇಂಜಿನಿಯರರ ಸಭೆಯಲ್ಲಿ ಅವನು ಇದನ್ನು ಪ್ರದರ್ಶಿಸಿದನು. ಯಾಂಕರ್ಸಿನಲ್ಲಿದ್ದ ಸ್ನೇಹಿತನ ಮನೆಯಿಂದ ಪ್ರಸಾರ. ಲೋಟಕ್ಕೆ ನೀರೆರೆದ ಸದ್ದು, ಕಾಗದ ಹರಿದ ಸದ್ದು, ಜಾಗಟೆ ಬಾರಿಸಿದ ಸದ್ದು ಎಲ್ಲವೂ ಅದೇ ಕೋಣೆಯಲ್ಲಿ ನಡೆದಂತೆ ಕೇಳಿಸಿದವು. ಅದಕ್ಕಿಂತಲೂ ಕೇಳುಗರನ್ನು ಬೆರಗುಗೊಳಿಸಿದುದು ಸದ್ದುಗಳ ನಡುವಿನ ಮೌನ.

ಧ್ವನಿಯ ಸಮತೋಲನದ ಒಂದು ಪಾಠವೂ ಎಫ್.ಎಂ. ಪ್ರಸಾರದಲ್ಲಿ ಅಡಗಿದೆ. ಉಳಿಯುವ ಅಲ್ಪಸ್ವಲ್ಪ ಗದ್ದಲವು ಹೆಚ್ಚಾಗಿ ತಾರ ಸ್ವರಗಳಲ್ಲಿ ಸೇರಿಕೊಳ್ಳುತ್ತದೆ. ಆದುದರಿಂದ ಪ್ರಸಾರ ಕೇಂದ್ರದಲ್ಲಿ ತಾರ ಸ್ವರಗಳನ್ನು ಮೊದಲೇ ಏರಿಸಿ ಕಳುಹಿಸುತ್ತಾರೆ. ಗ್ರಾಹಕದಲ್ಲಿ ಅಷ್ಟೇ ಪ್ರಮಾಣದಲ್ಲಿ ಇಳಿಸುತ್ತಾರೆ. ಹಾಡು ಮೊದಲಿನಂತೆಯೇ ಆಗುತ್ತದೆ. ನಡುವೆ ಸೇರಿದ ಗದ್ದಲ ಮಾತ್ರ ತಗ್ಗುತ್ತದೆ. ಮಂದ್ರ, ಮಧ್ಯ, ತಾರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಸರ್ ಎಂಬ ಉಪಕರಣದ ತತ್ವವೂ ಇದೇ. ನಳಿಕೆಗಳ ಕಾಲದಲ್ಲಿ ಸುರುಳಿ ಮತ್ತು ಕಂಡೆನ್ಸರುಗಳು ಸ್ವರಗಳನ್ನು ಬೇರ್ಪಡಿಸುತ್ತಿದ್ದವು. ಆ ದಾರಿಯಲ್ಲಿ ಸೊರಗಿದ ಧ್ವನಿಗೆ ನಳಿಕೆಗಳು ಮತ್ತೆ ಬಲ ಕೊಡುತ್ತಿದ್ದವು. ಅದನ್ನು ಬಳಸುವಾಗ ನಳಿಕೆ ಚೆನ್ನಾಗಿ ಕಾಯುವ ತನಕ ತಾಳ್ಮೆ ಬೇಕು. ಎಲ್ಲ ಗುಂಡಿಗಳನ್ನೂ ಮೊದಲು ಸಮಸ್ಥಿತಿಯಲ್ಲಿಟ್ಟು ಒಮ್ಮೆ ಕೇಳಬೇಕು. ಬಳಿಕ ಒಂದು ಸಲಕ್ಕೆ ಒಂದೇ ಗುಂಡಿಯನ್ನು ಸ್ವಲ್ಪವೇ ತಿರುಗಿಸಬೇಕು. ಕೊರತೆಯೆನಿಸಿದುದನ್ನು ಏರಿಸುವ ಮೊದಲು ಅತಿಯಾದುದನ್ನು ಇಳಿಸಿ ನೋಡಬೇಕು. ಎಲ್ಲವನ್ನೂ ಏರಿಸಿದರೆ ಧ್ವನಿ ಒಡೆಯುತ್ತದೆ. ನಮ್ಮ ಸಭಾಂಗಣದ ಧ್ವನಿವರ್ಧಕವನ್ನು ನೋಡಿಕೊಳ್ಳುವ ಹುಡುಗರು ಇಷ್ಟನ್ನು ನೆನಪಿಟ್ಟರೆ ಒಳ್ಳೆಯದು.

ಇನ್ನು ಸ್ನೇಹದ ಕಥೆ. ಸದ್ದನ್ನಡಗಿಸುವ ಒಂದು ಸಣ್ಣ ಉಪಕರಣವನ್ನು ಸಾರ್ನಾಫನು ಬಯಸಿದ್ದನು. ಆರ್ಮ್‌ಸ್ಟ್ರಾಂಗನು ತಂದುದು ಇಡೀ ಪ್ರಸಾರ ಪದ್ಧತಿಯನ್ನೇ ಬದಲಿಸುವ ಕ್ರಾಂತಿ. ಹಳೆಯ ಕೇಂದ್ರಗಳಲ್ಲಿ ಅಪಾರ ಬಂಡವಾಳ ಹೂಡಿದ್ದ, ದೂರದರ್ಶನದ ಕಡೆಗೆ ದೃಷ್ಟಿ ನೆಟ್ಟಿದ್ದ ಆರ್.ಸಿ.ಎ.ಗೆ ಅದು ಬೇಡವಾಯಿತು. ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ 1934ರಲ್ಲಿ ನಡೆದ ಪ್ರಯೋಗದಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರಕ್ಕೆ ಎಫ್.ಎಂ. ಸ್ವಚ್ಛವಾಗಿ ಕೇಳಿಸಿತ್ತು. ಆದರೂ 1935ರಲ್ಲಿ ಉಪಕರಣಗಳನ್ನು ಅಲ್ಲಿಂದ ತೆಗೆಯುವಂತೆ ಅವನಿಗೆ ತಿಳಿಸಲಾಯಿತು. ಅವನು ಎದೆಗುಂದದೆ ತನ್ನ ಹಣದಿಂದಲೇ ನ್ಯೂಜೆರ್ಸಿಯ ಆಲ್ಪೈನ್ ಎಂಬಲ್ಲಿ ನಾನೂರು ಅಡಿಗೂ ಮಿಕ್ಕಿದ ಗೋಪುರವನ್ನು ಕಟ್ಟಿಸಿ ಪ್ರಸಾರವನ್ನಾರಂಭಿಸಿದನು. ಕೇಂದ್ರಗಳು ಹೆಚ್ಚಿದವು. 1941ರಿಂದ ವಾಣಿಜ್ಯ ಪ್ರಸಾರಕ್ಕೂ ಅನುಮತಿ ದೊರೆಯಿತು. 1940ರಲ್ಲಿ ಆರ್.ಸಿ.ಎ. ಹತ್ತು ಲಕ್ಷ ಡಾಲರುಗಳನ್ನು ಒಂದೇ ಗಂಟಿನಲ್ಲಿ ಕೊಡಲು ಬಂದಿತು. ಇತರ ಕಂಪೆನಿಗಳು ರಾಯಧನ ಕೊಡುತ್ತಿರುವಾಗ ದೊಡ್ಡ ಕಂಪೆನಿಗೆ ಬೇರೆ ನ್ಯಾಯವಿಲ್ಲವೆಂದು ಅವನು ನಿರಾಕರಿಸಿದನು.

ಎರಡನೆಯ ಮಹಾಯುದ್ಧ ಬಂದಾಗ ಅವನು ತನ್ನ ಪೇಟೆಂಟುಗಳನ್ನು ಸೈನ್ಯವು ರಾಯಧನವಿಲ್ಲದೆ ಬಳಸಿಕೊಳ್ಳಲು ಬಿಟ್ಟುಕೊಟ್ಟನು. 1946ರ ಜನವರಿಯಲ್ಲಿ, ಅವನು ರೂಪಿಸಿದ ಉಪಕರಣದ ಭಾಗಗಳನ್ನೂ ಬಳಸಿಕೊಂಡು, ಸೈನ್ಯದವರು ಚಂದ್ರನೆಡೆಗೆ ರೇಡಿಯೋ ಅಲೆಯನ್ನು ಕಳುಹಿಸಿದರು. ಎರಡೂವರೆ ಸೆಕೆಂಡಿನಲ್ಲಿ ಅದರ ಪ್ರತಿಧ್ವನಿ ಮರಳಿತು. ಆ ಅಲೆ ಹೊರಟ ಸ್ಥಳ ಯಾವುದು? 1914ರಲ್ಲಿ ಇಬ್ಬರು ಗೆಳೆಯರು ರಾತ್ರಿಯಿಡೀ ಕುಳಿತಿದ್ದ ಅದೇ ಬೆಲ್ಮಾರ್.

ಯುದ್ಧ ಮುಗಿಯುತ್ತಿದ್ದಂತೆ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. 1945ರಲ್ಲಿ ಸರಕಾರದ ಆಯೋಗವು ಎಫ್.ಎಂ. ಪ್ರಸಾರವನ್ನು ಹಿಂದಿನ ಪಟ್ಟಿಯಿಂದ ಬೇರೆ ಪಟ್ಟಿಗೆ ಸರಿಸಿತು. ಜನರು ಕೊಂಡ ಲಕ್ಷಗಟ್ಟಲೆ ರೇಡಿಯೋಗಳು ಮೂಲೆಗೆ ಬಿದ್ದವು. ಕಂಪೆನಿಗಳು ರಾಯಧನ ಕೊಡದೆ ಎಫ್.ಎಂ. ಬಳಸಿದವು. 1948ರಲ್ಲಿ ಆರ್ಮ್‌ಸ್ಟ್ರಾಂಗನು ಆರ್.ಸಿ.ಎ. ಮೇಲೆ ದಾವೆ ಹೂಡಿದನು. ವಕೀಲರ ಪ್ರಶ್ನೆಗಳಿಗೆ ಉತ್ತರಿಸುವುದರಲ್ಲಿಯೇ ಕಾಲ ಕಳೆಯಿತು. ಮುಖ್ಯ ಪೇಟೆಂಟುಗಳ ಅವಧಿ 1950ರಲ್ಲಿ ಮುಗಿಯಿತು. ಸಂಪತ್ತು ಕರಗಿತು, ಆರೋಗ್ಯ ಕುಗ್ಗಿತು. ವ್ಯಾಜ್ಯವನ್ನು ನಿಲ್ಲಿಸೆಂದು ಬೇಡಿದ ಮಡದಿಯ ಮೇಲೆಯೇ 1953ರ ನವಂಬರದಲ್ಲಿ ಕೈಮಾಡಿದನು. ಆಕೆ ಮನೆ ಬಿಟ್ಟು ಸೋದರಿಯಲ್ಲಿಗೆ ಹೋದಳು. 1954ರ ಜನವರಿ 31ರ ರಾತ್ರಿ, ಪತ್ನಿಗೆ ಪಶ್ಚಾತ್ತಾಪದ ಓಲೆಯೊಂದನ್ನು ಬರೆದಿಟ್ಟು, ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡನು. ನಕ್ಷೆಗೆ ಮುದ್ರೆ ಹಾಕಿಸಿದ ದಿನದಿಂದ ಸರಿಯಾಗಿ ನಲವತ್ತೊಂದು ವರ್ಷ!

ಮಕ್ಕಳ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ನಾವು ಬಹಳ ಯೋಚಿಸಿದೆವು. ಮುಚ್ಚಿಟ್ಟರೆ ಚರಿತ್ರೆಗೆ ಅಪಚಾರ, ಆದುದರಿಂದ ಬರೆದೆವು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲವೆಂಬುದನ್ನು ಗಮನಿಸಬೇಕು. ಮನನೊಂದ ಮೇರಿಯನ್ ದಾವೆಗಳನ್ನು ಕೈಬಿಡಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಆರ್.ಸಿ.ಎ. ಸುಮಾರು ಹತ್ತು ಲಕ್ಷ ಡಾಲರು ಕೊಟ್ಟು ರಾಜಿಯಾಯಿತು. ಉಳಿದ ಕಂಪೆನಿಗಳ ಮೇಲಿನ ಮೊಕದ್ದಮೆಗಳು ಒಂದೊಂದಾಗಿ ಇತ್ಯರ್ಥವಾದವು. ಕೊನೆಯದು 1967ರಲ್ಲಿ ಮುಗಿದಾಗ ಜಯ ಪೂರ್ಣವಾಯಿತು. 1970ರ ದಶಕದ ಕೊನೆಗೆ ಅಮೇರಿಕದಲ್ಲಿ ಎಫ್.ಎಂ. ಕೇಳುಗರೇ ಹೆಚ್ಚಾದರು. ನಮ್ಮ ದೇಶದಲ್ಲಿ 1977ರಲ್ಲಿ ಮದರಾಸಿನಲ್ಲಿ ಎಫ್.ಎಂ. ಪ್ರಸಾರ ಆರಂಭವಾಯಿತು. 1983ರಲ್ಲಿ ಅಮೇರಿಕ ಸರಕಾರವು ಅವನ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ ದೂರದರ್ಶನ ಕೇಂದ್ರಗಳು ಮೂಕವಾದಾಗ, ಕೆಲವು ಕೇಂದ್ರಗಳಿಗೆ ಆಸರೆಯಾದುದು ಅವನು ಕಟ್ಟಿಸಿದ ಆಲ್ಪೈನ್ ಗೋಪುರವೇ.

ವಿದ್ಯಾರ್ಥಿಗಳೇ, ಈ ಜೀವನದಿಂದ ನಾವು ಎರಡು ಮಾತುಗಳನ್ನು ಕಲಿಯಬಹುದು. ಪುಸ್ತಕ ಹೇಳಿತೆಂದು, ಬಲ್ಲವರು ಲೆಕ್ಕ ಹಾಕಿದರೆಂದು ಸುಮ್ಮನಾಗದೆ, ಕೈಯಾರೆ ಮಾಡಿ ನೋಡುವುದು ಮೊದಲನೆಯದು. ಎರಡನೆಯದು ಇನ್ನೂ ಕಷ್ಟದ್ದು. ನ್ಯಾಯ ನಮ್ಮ ಕಡೆಗಿದ್ದಾಗಲೂ ಅದೊಂದೇ ಬಾಳಿನ ಎಲ್ಲ ಸ್ವರಗಳನ್ನೂ ಮುಳುಗಿಸುವಷ್ಟು ಏರಬಾರದು. ಮನೆಯವರು, ಗೆಳೆಯರು, ನಿದ್ದೆ, ನಗು ಇವುಗಳಿಗೂ ಅವುಗಳ ಪಾಲು ಸಲ್ಲಬೇಕು. ಮನಸ್ಸು ಭಾರವಾದಾಗ ಒಬ್ಬರೇ ಹೊರದೆ ಹತ್ತಿರದವರೊಡನೆ ಹೇಳಿಕೊಳ್ಳಬೇಕು. ಶಾಲೆಯಲ್ಲಿ ಕೇಳಲು ನಾವಿದ್ದೇವೆ. ಲೋಕದ ಕಿವಿಗೆ ಸಮತೋಲನದ ಧ್ವನಿಯನ್ನು ಕೊಟ್ಟ ಆ ಮಹಾನುಭಾವನಿಗೆ ತನ್ನ ಬಾಳಿನಲ್ಲಿ ಅದು ಕೈಗೂಡಲಿಲ್ಲ. ಮಳೆಗಾಲದ ಸಂಜೆ ಗುಡುಗಿನ ನಡುವೆಯೂ ಎಫ್.ಎಂ. ರೇಡಿಯೋದಲ್ಲಿ ಹಾಡು ತಿಳಿಯಾಗಿ ಕೇಳಿಸಿದಾಗ, ಕ್ಷಣಕಾಲ ಅವನನ್ನು ನೆನೆಯೋಣ.